ಕಾವಲಿನಿಂದ ಸಂಸತ್ತಿಗೆ

ಮಧುಗಿರಿ, ಕೊರಟಗೆರೆಯ ಮತದಾರರು ತುಮಕೂರು ಸಂಸದರನ್ನು ಆರಿಸಿದರೆ, ಶಿರಾ, ಪಾವಗಡದವರದು ಚಿತ್ರದುರ್ಗ ಕ್ಷೇತ್ರ. ಇಬ್ಬರು ಸಂಸದರಿಗೂ ರಕ್ಷಣೆಯೆಂದರೆ ದೂರದ ಗಡಿಯ ಮಾತಲ್ಲ. ತುಮಕೂರು ಕ್ಷೇತ್ರದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಚಿತ್ರದುರ್ಗ ಕ್ಷೇತ್ರದ ಚಳ್ಳಕೆರೆ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ.

ಅಲ್ಲಿಂದ ಹಾರಿದ ರುಸ್ತುಂ-2 ಡ್ರೋನ್ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಜಮೀನಿಗೆ ಬಿತ್ತು. ಮುರಿದ ರೆಕ್ಕೆ ನೋಡಲು ಊರೇ ನೆರೆದಿತ್ತು.

ಇಂಥವನ್ನು ಪ್ರಶ್ನಿಸುವವರು ಯಾರು? ರಕ್ಷಣೆ ಕೇಂದ್ರಪಟ್ಟಿಯ ವಿಷಯ, ಆದ್ದರಿಂದ ಶಾಸಕರಿಗೆ ಅದರಲ್ಲಿ ಅಧಿಕಾರವಿಲ್ಲ. ಸಂಸದರಿಗೆ ಪ್ರಶ್ನೋತ್ತರ ಕಲಾಪವಿದೆ. ಜತೆಗೆ, ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರ ರಕ್ಷಣಾ ಸ್ಥಾಯಿ ಸಮಿತಿಯಿದೆ. ಸಚಿವಾಲಯದ ಅನುದಾನ ಬೇಡಿಕೆಗಳನ್ನು ಅದು ಸಾಲುಸಾಲಾಗಿ ಜಾಲಾಡುತ್ತದೆ, ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಶಿಫಾರಸು ಸರ್ಕಾರವನ್ನು ಕಟ್ಟಿಹಾಕದು. ಆದರೂ ಭಾಷಣಕ್ಕಿಂತ ಈ ಕೆಲಸಕ್ಕೇ ತೂಕ ಹೆಚ್ಚು.

ಚಳ್ಳಕೆರೆಯ ಪರೀಕ್ಷಾ ವಲಯ ಎದ್ದದ್ದು ಅಮೃತಮಹಲ್ ತಳಿಯ ದನಗಳು ಮೇಯುವ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ. ಹಿಂದೆ ಹೈದರಾಲಿಯ ಫಿರಂಗಿ ಎಳೆದದ್ದು ಇದೇ ತಳಿಯ ಎತ್ತುಗಳು! ಮೇವಿನ ನೆಲ ಹೋಯಿತೆಂದು ಕುರಿಗಾಹಿಗಳು ಹೋರಾಡಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಗುಬ್ಬಿಯ ಕಾರ್ಖಾನೆಯಲ್ಲಿ ಸ್ಥಳೀಯರಿಗೆ ಎಷ್ಟು ಕೆಲಸ, ಬೇಲಿಯಾಚೆಯ ದನಕರುಗಳಿಗೆ ಮೇವೆಲ್ಲಿ ಎಂಬ ಪ್ರಶ್ನೆಗಳನ್ನೂ ದೆಹಲಿಯಲ್ಲಿ ಕೇಳಬೇಕಾದವರು ಈ ಸಂಸದರೇ.