ಮೊದಲ ಹತ್ತು ಬಾಕಿದಾರರು: ಪಟ್ಟಿಯನ್ನು ನಂಬುವ ಮುನ್ನ

5 ಶಾಖೆಗಳ ಲೆಕ್ಕವು 5 ಗಣಕಯಂತ್ರಗಳಲ್ಲಿ ಹಂಚಿಹೋಗಿದೆ ಎನ್ನೋಣ. ಅತಿ ದೊಡ್ಡ ಮೊತ್ತದ 10 ಬಿಲ್ಲುಗಳನ್ನು ಕೇಳಿದಾಗ, ಪ್ರತಿ ಯಂತ್ರವೂ ತನ್ನ ಬಿಲ್ಲುಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ಮೊದಲ 10ನ್ನು ಮಾತ್ರ ಕಳುಹಿಸುತ್ತದೆ. ಬಂದ 50ರಲ್ಲಿ ಕೇಂದ್ರ ಯಂತ್ರವು ಅಂತಿಮ 10ನ್ನು ಆರಿಸುತ್ತದೆ. ಒಂದು ಬಿಲ್ಲು ಒಂದೇ ಕಡೆ ಇರುವುದರಿಂದ ಈ ಉತ್ತರವು ಸರಿಯಾಗಿರುತ್ತದೆ.

ಬಾಕಿದಾರರ ವಿಷಯ ಹಾಗಲ್ಲ. ಒಬ್ಬನೇ ಗಿರಾಕಿಯು ಪ್ರತಿ ಶಾಖೆಯಲ್ಲೂ ರೂ. 2 ಲಕ್ಷ ಉಳಿಸಿಕೊಂಡು, ಎಲ್ಲೆಡೆಯೂ ಹನ್ನೊಂದನೆಯವನಾಗಿದ್ದರೆ, ಒಟ್ಟು ರೂ. 10 ಲಕ್ಷದ ಆ ಬಾಕಿಯು ಪಟ್ಟಿಗೇ ಬಾರದು. ವಸೂಲಿಯೂ ಆಗದು. ಆದ್ದರಿಂದ ಎಲ್ಲ ಶಾಖೆಗಳ ಬಾಕಿಯನ್ನು ಗಿರಾಕಿವಾರು ಮೊದಲು ಕೂಡಿಸಿ, ಅನಂತರವೇ 10ನ್ನು ಆರಿಸಬೇಕು. ತಂತ್ರಾಂಶವು ಹೀಗೆ ಮಾಡುತ್ತದೆಯೇ ಎಂಬುದನ್ನು ವರ್ತಕ ಬಾಂಧವರು ಕೊಳ್ಳುವ ಮುನ್ನವೇ ವಿಚಾರಿಸುವುದು ಒಳಿತು.