ಮೊಟ್ಟೆಯೊಡೆದ ಉಗಿಸುತ್ತಿಗೆ

ನಾನು ಹುಡುಗನಾಗಿದ್ದಾಗ ನಮ್ಮೂರ ಸಂತೆಮಾಳದ ಅಂಚಿನಲ್ಲಿ ಒಂದು ಕುಲುಮೆಯಿತ್ತು. ಶಾಲೆಯಿಂದ ಹಿಂದಿರುಗುವಾಗ ಅದರ ಮುಂದೆ ಗಳಿಗೆಹೊತ್ತು ನಿಲ್ಲದೆ ಮನೆಗೆ ಹೋದ ದಿನವೇ ಇಲ್ಲವೆನ್ನಬಹುದು. ತಿದಿಯ ಉಸಿರಿಗೆ ಇದ್ದಲು ಕೆಂಪೇರುವುದನ್ನೂ ಇಕ್ಕಳದ ಬಾಯಲ್ಲಿ ಕಬ್ಬಿಣ ಹೊಳೆಯುತ್ತ ಹೊರಬರುವುದನ್ನೂ ನೋಡುತ್ತಿದ್ದರೆ ಹಸಿವು ಕೂಡ ಮರೆತುಹೋಗುತ್ತಿತ್ತು. ಮುದುಕ ಆಚಾರ್ರ ಕೈಯಲ್ಲಿ ಒಂದು ಚಿಕ್ಕ ಸುತ್ತಿಗೆ. ಎದುರಿಗೆ ನಿಂತ ಅವರ ಮಗನ ಕೈಯಲ್ಲಿ ದೊಡ್ಡ ಸಮ್ಮಟಿಗೆ. ಆಚಾರ್ರು ಕಬ್ಬಿಣದ ಮೇಲೆ ‘ಟಿಣ್’ ಎಂದು ಒಂದು ಸಣ್ಣ ಏಟು ಹಾಕುವರು. ಮರುಕ್ಷಣವೇ ಅದೇ ಜಾಗದ ಮೇಲೆ ಸಮ್ಮಟಿಗೆಯ ಭಾರಿ ಪೆಟ್ಟು ಬೀಳುವುದು.

ಒಂದು ದಿನ ಧೈರ್ಯಮಾಡಿ ಕೇಳಿದೆ: “ಆಚಾರ್ರೇ, ನಿಮ್ಮ ಸುತ್ತಿಗೆ ಇಷ್ಟು ಚಿಕ್ಕದು. ಇದರಿಂದ ಏನು ಪ್ರಯೋಜನ? ಕೆಲಸವೆಲ್ಲ ಅಣ್ಣನೇ ಮಾಡುತ್ತಾನಲ್ಲ?”

ಮುದುಕರು ನಕ್ಕರು. “ಹೌದು ಮರಿ, ಹೊಡೆಯೋನು ಅವನೇ. ಎಲ್ಲಿ ಹೊಡೀಬೇಕು, ಎಷ್ಟು ಹೊಡೀಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೇಳೋದು ಇದು. ಇದು ಸುಮ್ಮನಾದರೆ ಅವನು ಕುಡುಗೋಲನ್ನ ತಗಡು ಮಾಡಿಬಿಡ್ತಾನೆ!”

ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಇಂಗ್ಲೆಂಡಿನಲ್ಲಿ ಹುಟ್ಟಿದ ಉಗಿಸುತ್ತಿಗೆಯ ಕಥೆಯನ್ನು ಓದುತ್ತಿದ್ದಾಗ. ಅಲ್ಲಿಯೂ ಒಂದು ಭಾರಿ ಸಮ್ಮಟಿಗೆ ಇದೆ; ಅದಕ್ಕೆ ಹಾದಿ ತೋರಿದ ಒಂದು ಚಿಕ್ಕ ಸುತ್ತಿಗೆಯೂ ಇದೆ. ಸಮ್ಮಟಿಗೆಯ ಕೀರ್ತಿ ಲೋಕವೆಲ್ಲ ಹಬ್ಬಿತು. ಚಿಕ್ಕ ಸುತ್ತಿಗೆಯನ್ನು ನೆನೆದವರು ಕೆಲವರು ಮಾತ್ರ.

ಹಳೆಯ ಸುತ್ತಿಗೆಯ ಸೋಲು

ಉಗಿಸುತ್ತಿಗೆ ಬರುವುದಕ್ಕೆ ಮುಂಚೆ ಯೂರೋಪಿನ ಕಮ್ಮಟಗಳಲ್ಲಿ ದೊಡ್ಡ ಕಬ್ಬಿಣವನ್ನು ಬಡಿಯುತ್ತಿದ್ದುದು ನೀರಿನ ಚಕ್ರದಿಂದ ಆಡುವ ಸುತ್ತಿಗೆ. ಉದ್ದವಾದ ತೊಲೆಯೊಂದರ ತುದಿಗೆ ಕಬ್ಬಿಣದ ತಲೆಯನ್ನು ಕೂರಿಸಿರುತ್ತಿದ್ದರು. ತಿರುಗುವ ಚಕ್ರದ ಹಲ್ಲುಗಳು ತೊಲೆಯನ್ನು ಎತ್ತಿ ಎತ್ತಿ ಕೈಬಿಡುತ್ತಿದ್ದುವು. ನಮ್ಮ ಮನೆಗಳಲ್ಲಿ ಒನಕೆಯನ್ನು ತೋಳಿನ ಬಲದಿಂದ ಎತ್ತಿ ಅದರ ಭಾರದಿಂದಲೇ ಬೀಳಗೊಡುತ್ತಿದ್ದರಲ್ಲವೇ? ತತ್ತ್ವ ಅದೇ. ಭಾರ ಎಷ್ಟೋ, ಬೀಳುವ ಎತ್ತರ ಎಷ್ಟೋ, ಪೆಟ್ಟಿನ ಶಕ್ತಿ ಅಷ್ಟು. ಎರಡು ಅಡಿಯಿಂದ ಬಿದ್ದ ಸುತ್ತಿಗೆಗೆ ಒಂದಡಿಯಿಂದ ಬಿದ್ದುದರ ಎರಡರಷ್ಟು ಶಕ್ತಿ.

ಆದರೆ ಈ ಸುತ್ತಿಗೆಯಲ್ಲಿ ಒಂದು ವಿಪರೀತವಿತ್ತು. ತೊಲೆ ಏರುವ ಎತ್ತರ ಗೊತ್ತಾದದ್ದು. ಅದನ್ನು ಮೀರಿ ಅದು ಏರಲಾರದು. ಅಡಿಗಲ್ಲಿನ ಮೇಲೆ ದಪ್ಪನೆಯ ಕಬ್ಬಿಣವನ್ನು ಇಟ್ಟಷ್ಟೂ ಸುತ್ತಿಗೆ ಬೀಳುವ ಅಂತರ ಕಡಿಮೆಯಾಗುತ್ತಿತ್ತು. ಸಣ್ಣ ಕೆಲಸಕ್ಕೆ ದೊಡ್ಡ ಪೆಟ್ಟು, ದೊಡ್ಡ ಕೆಲಸಕ್ಕೆ ಸಣ್ಣ ಪೆಟ್ಟು! ಎಲ್ಲಿ ಶಕ್ತಿ ಹೆಚ್ಚಾಗಿ ಬೇಕೋ ಅಲ್ಲಿಯೇ ಅದು ಕೈಕೊಡುತ್ತಿತ್ತು.

1839ರಲ್ಲಿ ಈ ಕೊರತೆ ಸ್ಪಷ್ಟವಾಗಿ ಎದುರಾಯಿತು. ಬ್ರೂನೆಲ್ ಎಂಬ ಪ್ರಖ್ಯಾತ ಎಂಜಿನಿಯರನ ಯೋಜನೆಯಂತೆ ಬ್ರಿಸ್ಟಲ್ ನಗರದಲ್ಲಿ ‘ಗ್ರೇಟ್ ಬ್ರಿಟನ್’ ಎಂಬ ಕಬ್ಬಿಣದ ಹಡಗು ಸಿದ್ಧವಾಗುತ್ತಿತ್ತು. ಅದರ ಎರಡು ಪಕ್ಕದ ಹುಟ್ಟುಚಕ್ರಗಳನ್ನು ತಿರುಗಿಸಲು 30 ಅಂಗುಲ ದಪ್ಪದ ಅಚ್ಚುದಂಡ ಬೇಕಾಯಿತು. ಅಷ್ಟು ದಪ್ಪದ ದಂಡವನ್ನು ಬಡಿದುಕೊಡಲು ಯಾವ ಕಮ್ಮಟವೂ ಒಪ್ಪಲಿಲ್ಲ. ಹಡಗಿನ ಕಂಪೆನಿಯ ಹಂಫ್ರೀಸ್ ಎಂಬ ಎಂಜಿನಿಯರ್ ದಿಕ್ಕುತೋಚದೆ ತನ್ನ ಪರಿಚಯದ ಜೇಮ್ಸ್ ನೇಸ್ಮಿತ್ತನಿಗೆ ಪತ್ರ ಬರೆದನು.

ನೇಸ್ಮಿತ್ 1808ರಲ್ಲಿ ಎಡಿನ್‌ಬರೋ ನಗರದಲ್ಲಿ ಹುಟ್ಟಿದವನು, ಚಿತ್ರಕಾರನೊಬ್ಬನ ಮಗ. ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆ ಎಂಬ ಮಹಾ ಯಂತ್ರಶಿಲ್ಪಿಯ ಬಳಿ ಕೆಲಸ ಕಲಿತು, 1836ರಲ್ಲಿ ಮ್ಯಾಂಚೆಸ್ಟರ್ ಸಮೀಪದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದಿದ್ದನು. ತಂದೆಯ ರಕ್ತ ಅವನ ಕೈಯಲ್ಲಿತ್ತು. ಹೊಳೆದುದನ್ನೆಲ್ಲ ಪುಸ್ತಕವೊಂದರಲ್ಲಿ ಚಿತ್ರವಾಗಿ ಬರೆದಿಡುವುದು ಅವನ ಪದ್ಧತಿ. 1839ರ ನವೆಂಬರ್ 24ರ ದಿನಾಂಕದ ಪುಟದಲ್ಲಿ ಉಗಿಸುತ್ತಿಗೆಯ ಚಿತ್ರವಿದೆ. ಪತ್ರ ಬಂದ ಮೇಲೆ ಅರ್ಧ ಗಂಟೆಯ ಆಸುಪಾಸಿನಲ್ಲಿಯೇ ಅದನ್ನು ಬರೆದೆನೆಂದು ಆತ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಚಿತ್ರ ಬಹು ಸರಳ. ಅಡಿಗಲ್ಲಿನ ನೇರಕ್ಕೆ ಮೇಲೆ ಒಂದು ಸಿಲಿಂಡರು; ಅದರೊಳಗಿನ ಪಿಸ್ಟನ್ನಿಗೆ ತೂಗುಹಾಕಿದ ಕಬ್ಬಿಣದ ದಿಮ್ಮಿ. ಪಿಸ್ಟನ್ನಿನ ಕೆಳಗೆ ಉಗಿಯನ್ನು ಬಿಟ್ಟರೆ ದಿಮ್ಮಿ ಮೇಲೇರುತ್ತದೆ. ಉಗಿಯನ್ನು ಹೊರಕ್ಕೆ ಬಿಟ್ಟರೆ ದಿಮ್ಮಿ ನೆಟ್ಟಗೆ ಕೆಳಗೆ ಬೀಳುತ್ತದೆ. ತೊಲೆಯೂ ಇಲ್ಲ, ಚಕ್ರವೂ ಇಲ್ಲ. ಕಬ್ಬಿಣ ಎಷ್ಟು ದಪ್ಪವಾದರೂ ಬೀಳಲು ಬೇಕಾದಷ್ಟು ಅವಕಾಶ.

ವಿಧಿಯ ವಿನೋದವನ್ನು ನೋಡಿರಿ: ಇಷ್ಟರಲ್ಲಿ ಹಡಗಿನವರು ಮನಸ್ಸು ಬದಲಿಸಿ, ಹುಟ್ಟುಚಕ್ರವನ್ನು ಕೈಬಿಟ್ಟು, ಹಿಂಭಾಗದಲ್ಲಿ ತಿರುಗುವ ತಿರುಪು ಹುಟ್ಟನ್ನು ಆರಿಸಿಕೊಂಡರು. ಅಚ್ಚುದಂಡ ಬೇಡವಾಯಿತು, ಸುತ್ತಿಗೆ ಚಿತ್ರವಾಗಿಯೇ ಉಳಿಯಿತು. 1842ರಲ್ಲಿ ನೇಸ್ಮಿತ್ ಫ್ರಾನ್ಸಿನ ಲ ಕ್ರೂಜೋ ಪಟ್ಟಣದ ಷ್ನೈಡರ್ ಕಾರ್ಖಾನೆಗೆ ಹೋದಾಗ ಅಲ್ಲಿ ಉಗಿಸುತ್ತಿಗೆಯೊಂದು ಆಗಲೇ ಕಬ್ಬಿಣ ಬಡಿಯುತ್ತಿದ್ದುದನ್ನು ಕಂಡನು! ತಾನು ಊರಿನಲ್ಲಿಲ್ಲದಾಗ ಬಂದ ಅತಿಥಿಗಳು ತನ್ನ ಪುಸ್ತಕವನ್ನು ನೋಡಿ ಹೋಗಿದ್ದರೆಂಬುದು ಅವನ ಮಾತು. ಅದು ತಮ್ಮ ಎಂಜಿನಿಯರ್ ಬೂರ್ದಾನನ ಸ್ವಂತ ಕಲ್ಪನೆಯೆಂಬುದು ಫ್ರೆಂಚರ ಮಾತು. ಅಂತೂ ಅದೇ ವರ್ಷ ಜೂನ್ ತಿಂಗಳಿನಲ್ಲಿ ನೇಸ್ಮಿತ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು.

ಲಗಾಮಿಲ್ಲದ ಕುದುರೆ

ಸುತ್ತಿಗೆಯೇನೋ ಸಿದ್ಧವಾಯಿತು. ಆದರೆ ಅದನ್ನು ಆಳುವವರು ಯಾರು? ಮೊದಲ ಸುತ್ತಿಗೆಗಳ ಪಕ್ಕದಲ್ಲಿ ಒಬ್ಬ ಕೆಲಸಗಾರ ನಿಂತು, ಕವಾಟದ ಹಿಡಿಕೆಯನ್ನು ಕೈಯಿಂದಲೇ ಎಳೆದು ತಳ್ಳಬೇಕಾಗಿತ್ತು. ಉಗಿಯನ್ನು ಒಳಗೆ ಬಿಡಬೇಕು, ದಿಮ್ಮಿ ಏರಬೇಕು, ಉಗಿಯನ್ನು ಹೊರಗೆ ಬಿಡಬೇಕು, ದಿಮ್ಮಿ ಬೀಳಬೇಕು. ಪ್ರತಿಯೊಂದು ಪೆಟ್ಟಿಗೂ ಇದೇ ಆಟ. ಕಾದ ಕಬ್ಬಿಣ ಕಾಯುತ್ತ ಕೂರುವುದಿಲ್ಲ. ಕೆಂಪು ಆರುವುದರೊಳಗೆ ಬೇಗಬೇಗನೆ ಪೆಟ್ಟುಗಳು ಬೀಳಬೇಕು. ಮನುಷ್ಯನ ಕೈ ಆ ವೇಗಕ್ಕೆ ಎಷ್ಟು ಹೊತ್ತು ಸಾಟಿಯಾದೀತು?

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿತ್ತು. ಪೆಟ್ಟು ಬೀಳುವುದಕ್ಕೆ ಸ್ವಲ್ಪ ಮುಂಚೆಯೇ ಉಗಿ ಒಳಹೊಕ್ಕರೆ ಬೀಳುವ ದಿಮ್ಮಿಯನ್ನು ಅದು ಕೆಳಗಿನಿಂದ ತಡೆಯುತ್ತದೆ, ಪೆಟ್ಟು ಸತ್ತುಹೋಗುತ್ತದೆ. ತಡವಾಗಿ ಹೊಕ್ಕರೆ ದಿಮ್ಮಿ ಕಾದ ಕಬ್ಬಿಣದ ಮೇಲೆ ಸುಮ್ಮನೆ ಕುಳಿತು ಅದರ ಕಾವನ್ನು ಹೀರುತ್ತದೆ. ಉಗಿ ಹೋಗಬೇಕಾದುದು ಪೆಟ್ಟು ಬಿದ್ದ ಆ ಕ್ಷಣದಲ್ಲಿ, ಅದಕ್ಕೆ ಮೊದಲೂ ಅಲ್ಲ, ಅನಂತರವೂ ಅಲ್ಲ.

ಹಾಗಾದರೆ ದಿಮ್ಮಿ ಇಂಥ ಮಟ್ಟಕ್ಕೆ ಇಳಿದೊಡನೆ ಕವಾಟ ತೆರೆಯುವಂತೆ ಒಂದು ಮೊಳೆಯನ್ನು ಕೂರಿಸಿದರಾಯಿತಲ್ಲವೇ ಎಂದು ವಾಚಕರು ಕೇಳಬಹುದು. ತೊಡಕು ಇರುವುದೇ ಅಲ್ಲಿ. ಪೆಟ್ಟು ಬಿದ್ದ ಹಾಗೆಲ್ಲ ಕಬ್ಬಿಣ ತೆಳ್ಳಗಾಗುತ್ತದೆ. ಮಗ್ಗುಲು ತಿರುಗಿಸಿದರೆ ಮತ್ತೆ ದಪ್ಪವಾಗುತ್ತದೆ. ಒಂದು ಪೆಟ್ಟು ಮುಗಿದ ಮಟ್ಟದಲ್ಲಿ ಮುಂದಿನ ಪೆಟ್ಟು ಮುಗಿಯುವುದಿಲ್ಲ. ಮೊಳೆಯನ್ನು ಎಲ್ಲಿ ಕೂರಿಸುವುದು?

ಪೆಟ್ಟೇ ತಂದ ಸುದ್ದಿ

ಈ ಒಗಟನ್ನು ಬಿಡಿಸಿದವನು ರಾಬರ್ಟ್ ವಿಲ್ಸನ್. 1803ರಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲ ತಡಿಯ ಊರಿನಲ್ಲಿ ಹುಟ್ಟಿದವನು. ತಂದೆ ಮೀನುಗಾರ, ಮಗನಿಗೆ ಇನ್ನೂ ಏಳು ವರ್ಷವಿದ್ದಾಗಲೇ ಸಮುದ್ರದ ಪಾಲಾದನು. ಹುಡುಗ ಕೈಕೆಲಸ ಕಲಿತು, ತನ್ನಷ್ಟಕ್ಕೆ ತಾನೇ ಯಂತ್ರಗಳ ಮರ್ಮವನ್ನು ಅಭ್ಯಾಸಮಾಡಿ, 1838ರಲ್ಲಿ ನೇಸ್ಮಿತ್ತನ ಕಾರ್ಖಾನೆಗೆ ಮ್ಯಾನೇಜರನಾಗಿ ಬಂದನು.

ದಿಮ್ಮಿ ಎಲ್ಲಿ ನಿಲ್ಲುತ್ತದೆಂಬುದನ್ನು ಮೊದಲೇ ಲೆಕ್ಕಹಾಕುವ ಗೋಜಿಗೆ ಅವನು ಹೋಗಲಿಲ್ಲ. ಪೆಟ್ಟು ಬಿದ್ದುದನ್ನು ಪೆಟ್ಟೇ ತಿಳಿಸಲಿ ಎಂದನು. ದಿಮ್ಮಿಗೆ ಒಂದು ಪುಟ್ಟ ಸನ್ನೆಯನ್ನು ಜೋಡಿಸಿದನು. ಅದರ ಒಂದು ತುದಿ ಭಾರವಾದುದು. ದಿಮ್ಮಿ ಬೀಳುವಾಗ ಸನ್ನೆಯೂ ಅದರೊಡನೆ ಬೀಳುತ್ತದೆ. ದಿಮ್ಮಿ ಕಬ್ಬಿಣಕ್ಕೆ ತಗುಲಿ ಥಟ್ಟನೆ ನಿಲ್ಲುತ್ತದೆ. ಸನ್ನೆಯ ಭಾರದ ತುದಿ ಮಾತ್ರ ನಿಲ್ಲದೆ ಮುಂದಕ್ಕೆ ಬಾಗುತ್ತದೆ. ಓಡುತ್ತಿರುವ ಬಸ್ಸು ಗಕ್ಕನೆ ನಿಂತಾಗ ನಿಂತಿದ್ದ ಪ್ರಯಾಣಿಕ ಮುಗ್ಗರಿಸುವುದಿಲ್ಲವೇ, ಹಾಗೆ. ಆ ಮುಗ್ಗರಿಕೆಯಲ್ಲಿ ಸನ್ನೆ ಪಕ್ಕದಲ್ಲಿ ನೆಟ್ಟಗೆ ನಿಂತ ಉದ್ದನೆಯ ಪಟ್ಟಿಯೊಂದನ್ನು ತಳ್ಳುತ್ತದೆ. ಪಟ್ಟಿ ಒಂದು ಅಗುಳಿಯನ್ನು ಬಿಡಿಸುತ್ತದೆ. ಅಗುಳಿ ಬಿಟ್ಟೊಡನೆ ಕವಾಟ ತೆರೆದು ಉಗಿ ಒಳನುಗ್ಗಿ ದಿಮ್ಮಿಯನ್ನು ಎತ್ತುತ್ತದೆ. ಪಟ್ಟಿ ಉದ್ದವಾಗಿರುವುದರಿಂದ ದಿಮ್ಮಿ ಯಾವ ಮಟ್ಟದಲ್ಲಿ ನಿಂತರೂ ಸನ್ನೆ ಅದಕ್ಕೆ ತಗುಲಿಯೇ ತಗುಲುತ್ತದೆ. ಕಬ್ಬಿಣ ದಪ್ಪವಿರಲಿ, ತೆಳ್ಳಗಿರಲಿ, ಚಿಂತೆಯಿಲ್ಲ.

ದಿಮ್ಮಿ ಎಷ್ಟು ಎತ್ತರ ಏರಬೇಕೆಂಬುದಕ್ಕೂ ಏರ್ಪಾಟಾಯಿತು. ಏರುವ ದಿಮ್ಮಿ ದಾರಿಯಲ್ಲಿ ಒಂದು ಅಡ್ಡತುಂಡಿಗೆ ತಗುಲಿ ಉಗಿಯ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆ ತುಂಡನ್ನು ತಿರುಪಿನಿಂದ ಮೇಲೆ ಕೆಳಗೆ ಸರಿಸಬಹುದು. ಕೆಲಸಗಾರ ಒಂದು ಕೈಚಕ್ರವನ್ನು ತಿರುಗಿಸಿದರೆ ಸಾಕು, ಪೆಟ್ಟು ಬೇಕಾದಂತೆ ಹಿರಿದೋ ಕಿರಿದೋ ಆಗುತ್ತದೆ. ಬ್ರ್ಯಾಡ್‌ಫರ್ಡ್ ಬಳಿಯ ಲೋ ಮೂರ್ ಕಬ್ಬಿಣದ ಕಾರ್ಖಾನೆಯವರು ಮೊದಲು ಒಲ್ಲೆವೆಂದಿದ್ದ ಸುತ್ತಿಗೆಯನ್ನು, ಈ ಹೊಸ ಏರ್ಪಾಟಿನೊಡನೆ ತಿಂಗಳುಗಟ್ಟಲೆ ಪರೀಕ್ಷಿಸಿ, 1843ರ ಆಗಸ್ಟ್‌ನಲ್ಲಿ ಒಪ್ಪಿಕೊಂಡರು. ಒಲ್ಲದ ಯಂತ್ರವನ್ನು ಬೇಕಾದ ಯಂತ್ರವನ್ನಾಗಿ ಮಾಡಿದುದು ಹೆಚ್ಚಿನ ಬಲವಲ್ಲ, ಹದ.

ಗಾಜಿನ ಬಟ್ಟಲಿನಲ್ಲಿ ಮೊಟ್ಟೆ

ಈ ಹದವನ್ನು ನೋಡುಗರಿಗೆ ತೋರಿಸಲು ಒಂದು ಆಟ ಪ್ರಸಿದ್ಧವಾಯಿತು. ಅಡಿಗಲ್ಲಿನ ಮೇಲೆ ಗಾಜಿನ ಬಟ್ಟಲು, ಬಟ್ಟಲಿನಲ್ಲಿ ಕೋಳಿಮೊಟ್ಟೆ. ಟನ್‌ಗಟ್ಟಲೆ ಭಾರದ ದಿಮ್ಮಿ ಇಳಿದು ಬಂದು ಮೊಟ್ಟೆಯ ಸಿಪ್ಪೆಯನ್ನಷ್ಟೇ ಬಿರಿಯುವಂತೆ ಮುಟ್ಟಿ ಹಿಂದಿರುಗುವುದು. ಬಟ್ಟಲಿಗೆ ಒಂದು ಗೀರೂ ಇಲ್ಲ! ಮರುಪೆಟ್ಟಿಗೆ ಸುತ್ತಲ ನೆಲವೆಲ್ಲ ನಡುಗುವುದು. ಇದು ಇಂದ್ರಜಾಲವಲ್ಲ. ಪೆಟ್ಟನ್ನು ಕೊಲ್ಲುವುದೆಂದು ಮೇಲೆ ಹೇಳಿದ ಉಗಿಯನ್ನೇ, ಬೇಕೆಂದು ಬೇಕಾದಷ್ಟೇ ಒಳಬಿಟ್ಟು, ಬೀಳುವ ದಿಮ್ಮಿಗೆ ಮೆತ್ತೆಯನ್ನಾಗಿ ಮಾಡಿಕೊಳ್ಳುತ್ತಿದ್ದರು. ದೋಷವೇ ಗುಣವಾಯಿತು.

ಅದೇ ತತ್ತ್ವದ ಮೇಲೆ ನೇಸ್ಮಿತ್ ನೆಲಕ್ಕೆ ಮರದ ಕಂಬ ಹೊಡೆಯುವ ಯಂತ್ರವನ್ನೂ ಕಟ್ಟಿದನು. 1845ರಲ್ಲಿ ಡೆವನ್‌ಪೋರ್ಟ್ ಬಂದರಿನಲ್ಲಿ ಹಳೆಯ ರೀತಿಯ ಕೆಲಸಗಾರರಿಗೂ ಈ ಯಂತ್ರಕ್ಕೂ ಪಂದ್ಯ ನಡೆಯಿತು. ಯಂತ್ರ ನಾಲ್ಕೂವರೆ ನಿಮಿಷದಲ್ಲಿ ತನ್ನ ಕಂಬವನ್ನು ನೆಟ್ಟಿತು. ಕೆಲಸಗಾರರಿಗೆ ಹಿಡಿದುದು 12 ಗಂಟೆ. ಮುಂದೆ ಸುತ್ತಿಗೆಗಳು ಬೆಳೆದು ಬೆಳೆದು, 1877ರ ವೇಳೆಗೆ ಲ ಕ್ರೂಜೋದಲ್ಲಿ 100 ಟನ್ನಿನ ದಿಮ್ಮಿ ಆಡತೊಡಗಿತು. ಕಬ್ಬಿಣವನ್ನು ಒಳತಿರುಳಿನವರೆಗೂ ಒತ್ತಿ ಹಿಂಡಬಲ್ಲ ಜಲಬಲದ ಒತ್ತುಯಂತ್ರಗಳು ಬಂದ ಮೇಲೆ ಇಂಥ ದೈತ್ಯರ ಕಾಲ ಮುಗಿಯಿತು. ಅಲ್ಲಿನ ಸುತ್ತಿಗೆ ಈಗ ಪಟ್ಟಣದ ಹೆಬ್ಬಾಗಿಲಲ್ಲಿ ಸ್ಮಾರಕವಾಗಿ ನಿಂತಿದೆ.

ಹೆಸರು ಯಾರದು?

ನೇಸ್ಮಿತ್ 48ನೆಯ ವಯಸ್ಸಿಗೇ, 1856ರಲ್ಲಿ, ಹೇರಳ ಹಣದೊಡನೆ ವಿಶ್ರಾಂತನಾದನು. ಕೆಂಟ್ ಪ್ರಾಂತದಲ್ಲಿ ಮನೆ ಕೊಂಡು ಅದಕ್ಕೆ ‘ಹ್ಯಾಮರ್‌ಫೀಲ್ಡ್’, ಎಂದರೆ ಸುತ್ತಿಗೆಯ ಹೊಲ, ಎಂದು ಹೆಸರಿಟ್ಟು, ದೂರದರ್ಶಕದಲ್ಲಿ ಚಂದ್ರನನ್ನು ನೋಡುತ್ತ ಉಳಿದ ಕಾಲವನ್ನು ಸುಖವಾಗಿ ಕಳೆದನು. 1883ರಲ್ಲಿ ಹೊರಬಂದ ಅವನ ಆತ್ಮಕಥೆ ರಸವತ್ತಾದ ಪುಸ್ತಕ. ಆದರೆ ಸುತ್ತಿಗೆ ತಾನೇ ತಾನಾಗಿ ಆಡುವಂತೆ ಮಾಡಿದ ಯಶಸ್ಸನ್ನು ಅದರಲ್ಲಿ ಆತ ವಿಲ್ಸನ್ನನಿಗೆ ಸಲ್ಲಿಸಿಲ್ಲ. ಅದು ವಿಲ್ಸನ್ನನದೆಂದು ಬರೆದವರು ಬೇರೆಯವರು.

ನೇಸ್ಮಿತ್ತನ ಪ್ರತಿಭೆ ಸಣ್ಣದಲ್ಲ. ಚಿತ್ರ ಅವನದು, ಹಣದ ಅಪಾಯ ಅವನದು. ಆದರೂ ಕಬ್ಬಿಣದವರು ಅದನ್ನು ಒಪ್ಪುವಂತೆ ಮಾಡಿದವನಿಗೆ ಒಂದು ಸಾಲು ಮೀಸಲಿಟ್ಟಿದ್ದರೆ ಆ ಪುಸ್ತಕದ ತೂಕ ಕುಗ್ಗುತ್ತಿರಲಿಲ್ಲ. ವಿಲ್ಸನ್ ಕೆಲಕಾಲ ಲೋ ಮೂರ್ ಕಾರ್ಖಾನೆಯಲ್ಲಿದ್ದು, 1856ರಲ್ಲಿ ಪ್ಯಾಟ್ರಿಕ್ರಾಫ್ಟ್‌ಗೆ ಪಾಲುದಾರನಾಗಿ ಮರಳಿದನು. ಮುಂದೆ ಆ ಸಂಸ್ಥೆ ‘ನೇಸ್ಮಿತ್, ವಿಲ್ಸನ್’ ಎಂಬ ಹೆಸರನ್ನು ತಳೆಯಿತು. ಅಲ್ಲಿ ತಯಾರಾದ ರೈಲು ಎಂಜಿನುಗಳು ನಮ್ಮ ದೇಶಕ್ಕೂ ಬಂದು ಓಡಿದವು. ಅಷ್ಟರಮಟ್ಟಿಗೆ ಫಲಕದ ಮೇಲಾದರೂ ಎರಡು ಹೆಸರುಗಳು ಒಟ್ಟಿಗೆ ನಿಂತವು.

ಇನ್ನೊಂದು ಸ್ವಾರಸ್ಯವಿದೆ. ವಿಲ್ಸನ್ ತಾರುಣ್ಯದಿಂದಲೂ ಹಂಬಲಿಸಿ ಪ್ರಯೋಗ ನಡೆಸಿದ್ದುದು ಹಡಗಿನ ತಿರುಪು ಹುಟ್ಟಿನ ಮೇಲೆ! ಯಾವುದರ ದೆಸೆಯಿಂದ ‘ಗ್ರೇಟ್ ಬ್ರಿಟನ್’ ಹಡಗಿಗೆ ಅಚ್ಚುದಂಡ ಬೇಡವಾಯಿತೋ ಅದೇ ಉಪಾಯಕ್ಕಾಗಿ ಅವನು ದುಡಿದಿದ್ದನು. ಅಲ್ಲಿಯೂ ದೊಡ್ಡ ಕೀರ್ತಿ ಬೇರೆಯವರಿಗೆ ಹೋಯಿತು. ತಿರುಪಿನ ಸಂಬಂಧವಾಗಿ ಸರ್ಕಾರದಿಂದ 500 ಪೌಂಡುಗಳ ಗೌರವಧನ ಸಿಕ್ಕಿದ್ದು 1880ರಲ್ಲಿ. ಎರಡು ವರ್ಷಗಳಲ್ಲಿ ಅವನು ತೀರಿಕೊಂಡನು.

ಇಂದಿನ ಕಮ್ಮಟಗಳಲ್ಲಿ ಪ್ರತಿಯೊಂದು ಪೆಟ್ಟಿನ ಶಕ್ತಿಯನ್ನೂ ಎಲೆಕ್ಟ್ರಾನಿಕ್ ಉಪಕರಣಗಳು ಮೊದಲೇ ಗೊತ್ತುಮಾಡಬಲ್ಲವು. ಎಷ್ಟೋ ಒತ್ತುಯಂತ್ರಗಳಲ್ಲಿ ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಲ್ಲದೆ ಯಂತ್ರ ಇಳಿಯುವುದೇ ಇಲ್ಲ. ಒಂದು ಕೈ ಅಚ್ಚಿನೊಳಗಿದ್ದರೆ ಅದು ಕದಲದು. ಹೀಗೆ ಉಳಿದ ಬೆರಳುಗಳಿಗೆ ಲೆಕ್ಕವಿಟ್ಟವರಿಲ್ಲ. ಉಳಿಸಿದವರ ಹೆಸರನ್ನು ಬಲ್ಲವರೂ ವಿರಳ.

ನಮ್ಮೂರ ಕುಲುಮೆ ಈಗಿಲ್ಲ, ಆಚಾರ್ರೂ ಇಲ್ಲ. ಅವರ ಮನೆಯಿಂದ ಬಂದ ಒಂದು ಕುಡುಗೋಲು ಮಾತ್ರ ನಮ್ಮ ಹಳೆಯ ಮನೆಯ ಜಂತೆಯಲ್ಲಿ ಸಿಕ್ಕಿಸಿಕೊಂಡಿದೆ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಅಲಗಿನ ಆ ಸಮನಾದ ಬಾಗನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಅದನ್ನು ಬಡಿದದ್ದು ಮಗನ ಸಮ್ಮಟಿಗೆ, ನಿಜ. ತಗಡಾಗದಂತೆ ಉಳಿಸಿದ್ದು ಆ ‘ಟಿಣ್’ ಎಂಬ ಸಣ್ಣ ಏಟು.