ಪದವಿ ಪೂರ್ವ ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ವಿದ್ಯಾರ್ಥಿಗಳು ಮತ್ತು ಪೋಷಕರಿಗೆ ಮಾಹಿತಿ

ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ವಿದ್ಯಾರ್ಥಿಯು ಪ್ರಥಮ ಪಿ.ಯು.ಸಿ. ಪ್ರವೇಶ ಅರ್ಜಿಯಲ್ಲಿ ನಮೂದಿಸುವ ವಿಷಯ ಸಂಯೋಜನೆಯು ಮುಂದಿನ ವ್ಯಾಸಂಗವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಗಣಿತವನ್ನು ಆಯ್ದುಕೊಳ್ಳದವರಿಗೆ ವೈದ್ಯಕೀಯ ಶಿಕ್ಷಣದ ಅವಕಾಶ ಉಳಿಯುತ್ತದೆ. ಜೀವಶಾಸ್ತ್ರವನ್ನು ಆಯ್ದುಕೊಳ್ಳದವರಿಗೆ ಇಂಜಿನಿಯರಿಂಗ್ ಉಳಿಯುತ್ತದೆ. ಭೌತಶಾಸ್ತ್ರವನ್ನು ಓದದವರಿಗೆ ಇವೆರಡೂ ದೊರೆಯುವುದಿಲ್ಲ. ಆದುದರಿಂದ ಕೇವಲ ಭಯದಿಂದ ಈ ವಿಷಯವನ್ನು ಕೈಬಿಡುವ ಮುನ್ನ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಅಂಕಗಳ ಹಂಚಿಕೆ
ದ್ವಿತೀಯ ಪಿ.ಯು.ಸಿ. ಭೌತಶಾಸ್ತ್ರದ ಒಟ್ಟು 100 ಅಂಕಗಳಲ್ಲಿ ಲಿಖಿತ ಪರೀಕ್ಷೆಗೆ 70 ಹಾಗೂ ಪ್ರಾಯೋಗಿಕಕ್ಕೆ 30 ಅಂಕಗಳಿರುತ್ತವೆ. ವರ್ಷವಿಡೀ ಪ್ರಯೋಗಾಲಯಕ್ಕೆ ಹಾಜರಾಗಿ ದಾಖಲೆ ಪುಸ್ತಕವನ್ನು ಕ್ರಮವಾಗಿ ಬರೆದವರಿಗೆ ಪ್ರಾಯೋಗಿಕ ಪರೀಕ್ಷೆಯು ಸುಲಭವಾಗುತ್ತದೆ. ಪ್ರವೇಶಕ್ಕೆ ಮೊದಲು ಕಾಲೇಜಿನಲ್ಲಿ ಪ್ರಯೋಗಾಲಯ ಹಾಗೂ ಭೌತಶಾಸ್ತ್ರ ಉಪನ್ಯಾಸಕರು ಇರುವುದನ್ನು ಪೋಷಕರು ಖಚಿತಪಡಿಸಿಕೊಳ್ಳಬೇಕು.

2. ಅಂಕಗಳ ಉಪಯೋಗ
ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಇಂಜಿನಿಯರಿಂಗ್ ರ‍್ಯಾಂಕ್ ನಿರ್ಧರಿಸುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಪಿ.ಯು.ಸಿ. ಅಂಕಗಳನ್ನು ಅರ್ಧದಷ್ಟು, ಸಿ.ಇ.ಟಿ. ಅಂಕಗಳನ್ನು ಅರ್ಧದಷ್ಟು ಪರಿಗಣಿಸುತ್ತದೆ. ಹೀಗಾಗಿ ಭೌತಶಾಸ್ತ್ರದ ಸಾಧನೆಯು ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 180 ಅಂಕಗಳು ಭೌತಶಾಸ್ತ್ರದವು.

3. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು
ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಕೆಲವು ತಿಂಗಳು ಇಂಗ್ಲಿಷ್ ಪಾರಿಭಾಷಿಕ ಪದಗಳು ತೊಡಕೆನಿಸುವುದು ಸಹಜ. ಇದು ವಿಷಯದ ತೊಡಕಲ್ಲ, ಭಾಷೆಯ ತೊಡಕು. ನೀಟ್ ಪರೀಕ್ಷೆಯನ್ನು 2017 ರಿಂದ ಕನ್ನಡದಲ್ಲಿಯೂ ನಡೆಸಲಾಗುತ್ತಿದೆ.

4. ಸ್ಥಳೀಯ ಮೀಸಲಾತಿ
ಸಂವಿಧಾನದ 371(ಜೆ) ವಿಧಿಯನ್ವಯ 2013 ರಲ್ಲಿ ಹೊರಡಿಸಿದ ಆದೇಶದಂತೆ, ಕಲ್ಯಾಣ ಕರ್ನಾಟಕದ ಅರ್ಹ ವಿದ್ಯಾರ್ಥಿಗಳಿಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಹಾಗೂ ರಾಜ್ಯದ ಇತರ ಭಾಗಗಳಲ್ಲಿ ಶೇ. 8 ರಷ್ಟು ಸೀಟುಗಳು ಮೀಸಲಾಗಿವೆ. ಇದಕ್ಕೆ ಅಗತ್ಯವಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಈ ಮೂರೂ ತಾಲ್ಲೂಕುಗಳು ಕಲಬುರಗಿ ಉಪವಿಭಾಗಕ್ಕೆ ಸೇರಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ಣವಾಗಿ ಗ್ರಾಮೀಣ ಪ್ರದೇಶದಲ್ಲಿ ಓದಿದವರು ಗ್ರಾಮೀಣ ಮೀಸಲಾತಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯಿರುವ ವ್ಯಾಸಂಗ ಪ್ರಮಾಣಪತ್ರವನ್ನೂ ಪಡೆಯಬೇಕು. ಉತ್ತಮ ಅಂಕ ಗಳಿಸಿಯೂ ಪ್ರಮಾಣಪತ್ರವಿಲ್ಲದ ಅಭ್ಯರ್ಥಿಗೆ ಈ ಮೀಸಲು ಸೀಟು ದೊರೆಯುವುದಿಲ್ಲ. ಆದ್ದರಿಂದ ಫಲಿತಾಂಶದವರೆಗೆ ಕಾಯದೆ, ದ್ವಿತೀಯ ಪಿ.ಯು.ಸಿ. ಆರಂಭದಲ್ಲಿಯೇ ಅರ್ಜಿ ಸಲ್ಲಿಸುವುದು ಒಳಿತು.

5. ಮುಂದಿನ ವ್ಯಾಸಂಗ
ವೃತ್ತಿಪರ ಕೋರ್ಸ್ ಬಯಸದವರಿಗೂ ಮಾರ್ಗವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ, 2009 ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗವಿದೆ. ಉನ್ನತ ವ್ಯಾಸಂಗಕ್ಕೆ ಊರು ಬಿಟ್ಟು ಬಹುದೂರ ಹೋಗಲೇಬೇಕೆಂಬ ಪರಿಸ್ಥಿತಿ ಈಗ ಇಲ್ಲ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಪದವಿ ಪೂರ್ವ ಕಾಲೇಜಿನ ಪ್ರಾಂಶುಪಾಲರನ್ನು ಸಂಪರ್ಕಿಸಬಹುದಾಗಿದೆ.